ಗೆರೆಯೊಳಗಿನ ಮನೆ

ಈ ಕತೇನ ಯಾರಿಗೂ ಹೇಳಬೇಡ ಅಂತ ಗುರುಗಳು ಸಾವಂತ್ರಿಗೆ ಹೇಳಿದ್ರು. ನನ್ನ ಹತ್ರ ಹೇಳುವಾಗ ಅವಳೂ ಅದನ್ನೇ ಅಂದ್ಲು. ಆದ್ರೂ ಹೇಳ್ತೀನಿ.

ಸಾವಂತ್ರಿ ಗುರುಗಳನ್ನ ಕೇಳಿದ್ಲು: "ಒಂದು ದೇಶದ ಹೊಟ್ಟೆಯೊಳಗೆ ಇನ್ನೊಂದು ದೇಶದ ಅಂಗೈಯಗಲ ನೆಲ ಯಾಕಿರುತ್ತೆ? ಯಾರು ಅದನ್ನ ಅಲ್ಲಿ ಬಿಟ್ಟುಹೋದ್ರು?"

ಗುರುಗಳು ಈ ಕತೆ ಹೇಳಿದ್ರು.

ಒಬ್ಬ ಗೆರೆ ಎಳೆಯೋನಿದ್ದ. ಎರಡು ದೇಶದ ರಾಜರೂ ಅವನನ್ನ ನಂಬಿದ್ರು. ಸರಪಳಿ ಹಿಡಿದು ಅಳೀತಾ, ಗೂಟ ಹೊಡೀತಾ ಬಂದ. ಹೊಳೆಗೆ ನಾಲ್ಕು ಹೊಲ ಈಚೆ ಒಂದು ಮನೆ. ಬಾಗಿಲಲ್ಲಿ ಒಬ್ಬ ಮುದುಕಿ.

"ಅವ್ವ, ಹೊಳೆ ಈಚೆಗಿನದೆಲ್ಲ ಈ ರಾಜನಿಗೆ, ಆಚೆಗಿನದು ಆ ರಾಜನಿಗೆ. ನಿನ್ನ ಮನೆ ಈ ಕಡೆ ಬಿತ್ತು."

"ಅಯ್ಯೋ, ನನ್ನ ಮಗ ಉಪ್ಪು ತರೋಕೆ ಆಚೆ ಹೋಗಿದಾನಲ್ಲಪ್ಪ! ಅವನೊಂದು ದೇಶ, ನಾನೊಂದು ದೇಶವಾ? ನಿನ್ನ ಗೂಟಕ್ಕಿಷ್ಟು ಬೆಂಕಿ ಹಾಕಾ. ನನ್ನನ್ನೂ ಅವನ ಕಡೆಗೇ ಬರಿ."

ಅವನ ಮನಸ್ಸು ಕರಗ್ತು. ಮನೆ ಸುತ್ತ ಒಂದು ಗೆರೆ ಎಳೆದು, ಒಳಗೆ ಆಚೆ ದೇಶದ ಹೆಸರು ಬರೆದ. ಒಳ್ಳೇದು ಮಾಡಿದೆ ಅಂದ್ಕೊಂಡು ಮುಂದಕ್ಕೆ ಹೋದ. ಮನೆ ಬರೆದಿದ್ದ. ಮನೆಗೆ ದಾರಿ ಬರೆದಿರ್ಲಿಲ್ಲ.

ಮಗ ವಾಪಸ್ ಬಂದಾಗ ಕಾವಲಿನವರು ಹೊಳೆದಂಡೇಲೇ ತಡೆದ್ರು. ನಡುವಿನ ನಾಲ್ಕು ಹೊಲ ಬೇರೆ ದೇಶ. ಅವನು ಅಲ್ಲೇ ನಿಂತು "ಅವ್ವಾ" ಅಂತ ಕೂಗೋನು. ಅವಳು ಅಂಗಳದಿಂದ "ಬಾರೋ ಮಗಾ" ಅನ್ನೋಳು. ದಿನಾ ಹೀಗೇ. ಒಂದು ದಿನ ಮಗನ ಕೂಗು ಮಾತ್ರ ಕೇಳಿಸ್ತು. ಮಾರನೇ ದಿನವೂ ಅಷ್ಟೇ.

ಸುದ್ದಿ ಕೇಳಿ ಗೆರೆ ಎಳೆದೋನು ಓಡಿ ಬಂದ. ಅವಳ ಅಂಗಳಕ್ಕೆ ದಾರಿ ಎಳೆಯೋಕೆ ಅವಳ ಒಪ್ಪಿಗೆ ಬೇಕು; ಮುದುಕಿ ಹೂಂ ಅಂದ್ರೆ ಸಾಕು, ದಾರಿ ಬರೆದು ಮಗನ್ನ ಒಳಗೆ ಬಿಡಿಸಬಹುದು. ಅಂಗಳಕ್ಕೆ ಕಾಲಿಟ್ಟ. ಬೆನ್ನ ಹಿಂದೆ ಕಾವಲಿನವನು ಕೋಲು ಅಡ್ಡ ಹಿಡಿದ.

"ಸ್ವಾಮಿ, ನೀವೀಗ ಆಚೆ ದೇಶದಲ್ಲಿದ್ದೀರಿ. ಈ ಕಡೆ ಬರೋ ಹಾಗಿಲ್ಲ. ಗೆರೆ ನಿಮ್ದೇ ಅಲ್ವ?"

ಮುಂದಿರೋದು ಬಾಗಿಲೊಂದೇ. ಒಳಗೆ ಬೀಸೋ ಕಲ್ಲು ತಿರುಗೋ ಸದ್ದು. ಅವನು ಬಾಗಿಲು ತಟ್ಟಿದ. ಸದ್ದು ನಿಂತುಹೋಯ್ತು.

"ಅವ್ವ, ನಾನು."

ಮತ್ತೆ ತಟ್ಟಿದ. ಬಾಗಿಲು ಹಾಗೇ ಮುಚ್ಚಿತ್ತು.

"ಆಮೇಲಾದ್ರೂ ತೆಗೆದ್ಲಾ?" ಅಂತ ಸಾವಂತ್ರಿ ಕೇಳಿದ್ಲು.

ಗುರುಗಳು ಅಂದ್ರು: "ಮಗ ಬಂದು ತಟ್ಟಿದ್ರೆ ತೆಗೀತಿದ್ಲು. ಇವತ್ತಿಗೂ ಆ ಬಾಗಿಲಿಗೆ ಗೆರೆ ಎಳೆಯೋರೇ ಬರ್ತಾರಮ್ಮ, ಮಗನ್ನ ಮಾತ್ರ ಯಾರೂ ಬಿಡಲ್ಲ."