ಬೇರ್ಷೆಬ ಅನ್ನೋ ಊರು ಹುಟ್ಟಿದ್ದು

ಒಂದಾನೊಂದು ಕಾಲದಲ್ಲಿ, ಕಾಲು ಒದೀಬೇಡ ಪ್ರಿಸ್ಸಿ, ಕೌದಿ ಸರಿಯಾಗಿ ಹೊದ್ಕೋ, ಹ್ಞಾಂ, ಒಂದಾನೊಂದು ಕಾಲದಲ್ಲಿ ಬರೀ ಕಲ್ಲು, ಮರಳು, ಮುಳ್ಳುಗಿಡ ಇರೋ ಒಂದು ಸೀಮೇಲಿ ಯೆಮೀಮ ಅಂತ ಒಬ್ಬಳು ಇದ್ಳಂತೆ. ನಮ್ಮ ಸತ್ಯವೇದದಲ್ಲಿ ಬೇರ್ಷೆಬ ಅಂತ ಊರು ಬರುತ್ತಲ್ಲ, ಅದು ಆಗಿನ್ನೂ ಹುಟ್ಟೇ ಇರಲಿಲ್ಲಂತೆ. ಬಾವಿ, ಪ್ರಮಾಣ ಎಲ್ಲ ಪುಸ್ತಕದಲ್ಲೇ ಇದೆ, ಯೆಮೀಮನ ವಿಷಯ ಮಾತ್ರ ನಮ್ಮಜ್ಜಿ ಹೇಳಿದ್ದು, ಅದನ್ನ ಹೋಗಿ ಚರ್ಚಿನ ಅಯ್ಯನೋರ ಹತ್ರ ಕೇಳ್ಬೇಡ ಮತ್ತೆ.

ಅವಳ ಗಂಡ ಯೋಬಾಬ ಬಾವಿ ತೋಡೋನು. ಒಬ್ಬ ದೊಡ್ಡ ಕುರಿ ಯಜಮಾನನ ಹತ್ರ ಕೆಲಸ. ಕುರಿ ಎಲ್ಲಿಗೆ ಹೋಗುತ್ತೋ ಯಜಮಾನ ಅಲ್ಲಿಗೆ, ಯಜಮಾನ ಎಲ್ಲೋ ಇವರ ಗುಡಾರ ಅಲ್ಲಿ. ಹಂಗೆ ಅಲೀತಾ ಇರೋವಾಗ ಯೆಮೀಮನ ಮೊದಲ್ನೇ ಕೂಸು ದಾರೀಲೇ ಹುಟ್ಟಿ, ನೆರಳಿಲ್ಲ ನೀರಿಲ್ಲ, ದಾರೀಲೇ ತೀರಿಹೋಗಿತ್ತಂತೆ. ಈಗ ಮತ್ತೆ ತುಂಬು ಬಸುರಿ. ಈ ಸಲ ಒಂದು ಕಡೆ ನಿಂತು ಹೆರಬೇಕು, ಈ ಕೂಸು ಉಳೀಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದು. ಚಿನ್ನ ಕೇಳಿದ್ಳಾ, ರೇಷ್ಮೆ ಕೇಳಿದ್ಳಾ, ಪಾಪ.

ಯೋಬಾಬನೂ ಜೊತೆಯೋರೂ ಒಂದು ಒಣಹಳ್ಳದ ದಂಡೇಲಿ ಅಗೆದ್ರಂತೆ. ಮೂರಾಳುದ್ದ ಇಳಿದ ಮೇಲೆ ನೀರು ಬುಗುಬುಗು ಅಂತ ಬಂತಂತೆ. ಹೊಸ ಬಾವಿಯ ಮೊದಲ ನೀರು ಕುರಿಗೆ ಅನ್ನೋದು ಇವರ ಪದ್ಧತಿ, ಕುರಿ ಇದ್ರೆ ತಾನೆ ನಾವು ಅಂತ. ತೊಟ್ಟಿ ತುಂಬಿಸಿ ಕುರಿ ಬಿಟ್ರಂತೆ. ಅಷ್ಟರಲ್ಲಿ ಆ ಸೀಮೆಯ ದನಗಾಹಿಗಳು ದೊಣ್ಣೆ ಹಿಡ್ಕೊಂಡು ಬಂದ್ರಂತೆ. ಅವರಲ್ಲೊಬ್ಬ ಬಿಳಿಗಡ್ಡದ ಹಿರಿಯ ತೊಟ್ಟಿ ನೋಡಿ, ಮೊದಲ ನೀರು ಕುರಿ ಬಾಯಿಗೆ ಹಾಕಿಬಿಟ್ರಾ ಅಂತ ಗೊಣಗಿ, ಆಮೇಲೆ ಈ ನೀರು ನಮ್ಮದು, ಎದ್ದು ಹೋಗಿ ಅಂದನಂತೆ. ಯೋಬಾಬಂಗೆ ರೇಗಿಹೋಗಿ ಹಾರೆ ಎತ್ತಿದನಂತೆ. ಯಜಮಾನ ಸಾಧು ಮನುಷ್ಯ, ಜಗಳ ಬೇಡ, ಮುಂದಕ್ಕೆ ಹೋಗೋಣ ಅಂದನಂತೆ. ಗುಡಾರ ಕಿತ್ರು. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ, ಇಲ್ಲಿ ಕೆಸರಾದ ಕೈ ಇವರದ್ದು, ಮೊಸರು ತಿಂದ ಬಾಯಿ ಬೇರೆಯೋರದ್ದು.

ಆಮೇಲೆ ಎರಡನೇ ಬಾವಿ. ಅಲ್ಲೂ ನೀರು ಬಂತು, ಅಲ್ಲೂ ಕುರಿ ಕುಡೀತು, ಅಲ್ಲೂ ಅದೇ ಮುದುಕ ಬಂದ, ಬಾವಿ ಕಡೆ ನೋಡಲೇ ಇಲ್ಲ, ಮೊದಲು ತೊಟ್ಟಿ ನೋಡಿದ, ಮುಖ ಸಿಂಡರಿಸಿದ, ಹೊರಡಿ ಅಂದ. ಮತ್ತೆ ಗುಡಾರ ಕಿತ್ರಂತೆ. ಯೆಮೀಮ ಹೊಟ್ಟೆ ಹಿಡ್ಕೊಂಡು ನಡೀತಾ ಗಂಡನ್ನ ಕೇಳಿದ್ಳಂತೆ, ಅಲ್ಲಾ, ಆ ಹಿರಿಯರಿಗೆ ನೀರಿನ ಮೇಲೆ ಸಿಟ್ಟಲ್ಲ, ತೊಟ್ಟಿ ಮೇಲೆ ಸಿಟ್ಟು, ಯಾಕೆ ಅಂತ ಒಂದು ಮಾತು ಕೇಳಬಾರದಾ ಅಂತ. ಅವನು, ದನ ಕಾಯೋ ಮುದುಕನ ಗೊಣಗಾಟ ಕಟ್ಕೊಂಡು ಏನಾಗಬೇಕಾಗಿದೆ ನಿಂಗೆ, ಸುಮ್ನೆ ನಡಿ ಅಂದನಂತೆ. ಗಂಡಸರಿಗೆ ಕಲ್ಲು ಒಡೆಯೋಕೆ ಬರುತ್ತೆ ಕಣೆ, ಕಿವಿ ಕೊಡೋಕೆ ಬರಲ್ಲ. ನಿಮ್ಮ ತಾತನೂ ಹಂಗೇ ಇದ್ರು.

ಆಮೇಲೆ ಮೂರನೇ ಜಾಗಕ್ಕೆ ಬಂದ್ರಂತೆ. ಯೆಮೀಮ ನೆಲಕ್ಕೆ ಕೂತವಳು, ಇನ್ನು ನಾನು ಏಳಲ್ಲ, ಎಬ್ಬಿಸಿದ್ರೆ ಇದೂ ದಾರೀಲೇ ಹೋಗುತ್ತೆ ಅಂದ್ಳಂತೆ. ಯೋಬಾಬ ಹಗಲೆಲ್ಲ ಅಗೆದ. ನೀರು ಬಂತು, ಎಳನೀರಿನಷ್ಟು ಸಿಹಿ. ಕುರಿ ಹೊಡ್ಕೊಂಡು ಬಂದ್ರೆ ಇವಳು ತೊಟ್ಟಿಗೆ ಅಡ್ಡ ನಿಂತ್ಬಿಟ್ಳಂತೆ. ಒಂದು ಹನಿ ಕೊಡಲ್ಲ, ಆ ಹಿರಿಯರು ಬರಲಿ ಅಂದ್ಳಂತೆ. ಕುರಿ ಬ್ಯಾ ಬ್ಯಾ ಅಂತಾವೆ, ಗಂಡ ತಲೆ ಕೆಟ್ಟಿದೆಯಾ ಅಂತ ಬೈತಾನೆ, ಇವಳು ಕದಲಲಿಲ್ಲ. ಕುರಿ ಪಾಪ ಅಂತೀಯಾ? ಪಾಪವೇ, ಏನು ಮಾಡೋದು ಹೇಳು.

ಬಿಸಿಲು ಇಳಿಯೋ ಹೊತ್ತಿಗೆ ಧೂಳು ಎದ್ದಿತಂತೆ. ಅವರೇ, ದೊಣ್ಣೆ ಸಮೇತ. ಯೆಮೀಮ ಬಿಂದಿಗೆ ತುಂಬಿಸಿ, ಸೊಂಟಕ್ಕೆ ಇಟ್ಕೊಂಡು, ಏದುಸಿರು ಬಿಡ್ತಾ ಮುದುಕನ ಹತ್ರ ಹೋಗಿ, ಅಪ್ಪಾ, ನಮ್ಮ ಕುರಿ ಇನ್ನೂ ಬಾಯಿ ಹಾಕಿಲ್ಲ, ಮೊದಲ ನೀರು ನಿಮಗೇ ಅಂದ್ಳಂತೆ. ಮುದುಕ ದೊಣ್ಣೆ ಕೆಳಗಿಟ್ಟು ಬೊಗಸೆ ಒಡ್ಡಿದನಂತೆ. ಕುಡಿದು, ಗಡ್ಡ ಒರೆಸ್ಕೊಂಡು, ಇದನ್ನ ಮೊದಲೇ ಮಾಡಿದ್ರೆ ಆಗ್ತಿರಲಿಲ್ಲವಾ ತಾಯಿ ಅಂದನಂತೆ. ನಮ್ಮ ಸೀಮೇಲಿ ಮೊದಲ ನೀರು ನೆಲದ ಹಿರಿಯನಿಗೆ ಕೊಡದೋನು ಕಳ್ಳ. ಕೊಟ್ಟೋನು ನಂಟ. ಇನ್ನು ಈ ಬಾವಿಗೆ ಕೈ ಹಚ್ಚೋರು ನನ್ನ ದಾಟಿ ಬರಬೇಕು ಅಂದನಂತೆ. ಅಬ್ಬ ಅಂತ ಎಲ್ಲರಿಗೂ ಜೀವ ಬಂತು. ಯಜಮಾನ ಏಳು ಕುರಿಮರಿ ತಂದು ಮುಂದೆ ನಿಲ್ಲಿಸಿ, ಜಗಳ ಇಲ್ಲ ಅಂತ ಪ್ರಮಾಣ ಮಾಡಿದನಂತೆ, ಮುದುಕನೂ ಮಾಡಿದನಂತೆ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಸುಮ್ನೆ ಹೇಳ್ತಾರಾ.

ಅಷ್ಟರಲ್ಲಿ ಯೆಮೀಮಂಗೆ ನೋವು ಬಂತು. ಮುದುಕ ತನ್ನ ಹೆಂಡತೀನ ಕರೆಸಿದನಂತೆ, ಸೂಲಗಿತ್ತಿ ಕೆಲಸದಲ್ಲಿ ಪಳಗಿದ ಕೈ. ಹೆಣ್ಣುಕೂಸು ಹುಟ್ಟಿ ಹೊರಗಡೆಯೋರಿಗೆಲ್ಲ ಕೇಳೋ ಹಂಗೆ ಅತ್ತಿತಂತೆ. ಯೋಬಾಬ ಗುಡಾರದ ಹೊರಗೆ ಕೂತು ತಾನೂ ಅತ್ತನಂತೆ. ಸೂಲಗಿತ್ತಿ ಬೆಚ್ಚಗೆ ಸುತ್ತಿ, ನಮ್ಮಲ್ಲಿ ಮೊದಲು ಕೂಸಿನ ಕಿವೀಲಿ ಅದರ ಊರು ಹೇಳಬೇಕು, ಯಾವೂರಮ್ಮ ನಿಮ್ಮದು ಅಂದ್ಳಂತೆ.

ಯೆಮೀಮ ಹುಟ್ಟಿದಾಗಿಂದ ಅಲೆದವಳು, ಏನಂತ ಹೇಳ್ತಾಳೆ? ಇದೇ ಊರು ಅಂದ್ಳಂತೆ. ಇಲ್ಲೆಲ್ಲಿ ಊರಿದೆ, ಒಂದು ಬಾವಿ, ನಾಲ್ಕು ಗುಡಾರ ಅಂದ್ಳಂತೆ ಆ ಮುದುಕಿ. ನನ್ನ ಮಗಳು ಇದಾಳಲ್ಲ, ಇವಳಿಂದ ಶುರು ಅಂತ ಹೇಳಿ ಅಂದ್ಳಂತೆ ಯೆಮೀಮ.

ಹಂಗೇ ಹೇಳಿದ್ಳಂತೆ ಮುದುಕಿ, ಕೂಸಿನ ಕಿವೀಲಿ. ಆಮೇಲೆ ಗೋಡೆ ಎದ್ದು, ಪೇಟೆಯಾಗಿ, ಕೋಟೆಯಾಗಿ ಬೇರ್ಷೆಬ ಆಯ್ತಂತೆ, ಅಂದ್ರೆ ಪ್ರಮಾಣದ ಬಾವಿ ಅಂತ. ಅವರೆಲ್ಲ ಅಲ್ಲೇ ನೆಲೆ ನಿಂತ್ರು, ಇಲ್ಲಿಗೆ ಕತೆ ಮುಗೀತು, ನೀನು ಅರ್ಧಕ್ಕೇ ಮಲಗಿಬಿಟ್ಟೆಯಲ್ಲೇ ಕಳ್ಳಿ.