ಎರಡು ಸೋರೆಬುರುಡೆ

ತುಂಗಭದ್ರೆಯ ದಡದಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ಮೂರು ಕೋಣೆ, ಒಂದು ಬೇವಿನ ಮರ, ಹೊಳೆಗೆ ಇಳಿಯುವ ಹದಿನಾಲ್ಕು ಮೆಟ್ಟಿಲು. ಅಷ್ಟೇ.

ಅಲ್ಲಿ ಮುಪ್ಪಿನಯ್ಯ ಸ್ವಾಮಿಗಳಿದ್ದರು. ಸುತ್ತಲಿನ ಊರಿನವರ ಬಾಯಲ್ಲಿ ಅವರು ಅಜ್ಜಾರು.

ಮಳೆ ಮುಗಿದು ಹೊಳೆ ತಿಳಿಯಾದ ದಿನಗಳಲ್ಲಿ ಹುಬ್ಬಳ್ಳಿಯಿಂದ ನಾಗಲಿಂಗನೆಂಬವನು ಬಂದ. ನಲವತ್ತೊಂಬತ್ತು ವರ್ಷ, ಹುರಿಗಟ್ಟಿದ ಮೈ, ಎಡ ಮೊಣಕಾಲಿಗೆ ಬಿಗಿದ ಪಟ್ಟಿ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ನೌಕರಿ. ರಜೆ ಸಿಕ್ಕಾಗ ಆಕಾಶದಿಂದ ಜಿಗಿಯುವುದು ಅವನ ಹುಚ್ಚು.

"ಬಾ, ಕೂಡು" ಎಂದರು ಅಜ್ಜಾರು. "ಏನು ಕಳಕೊಂಡು ಬಂದೀ?"

ನಾಗಲಿಂಗ ಬೆಚ್ಚಿದ. ಇವರಿಗೆ ಹೇಗೆ ಗೊತ್ತಾಯಿತು?

"ಇಲ್ಲಿಗೆ ಬರೂ ಮಂದಿ ಎಲ್ಲಾ ಏನಾರ ಕಳಕೊಂಡವರೇ" ಎಂದು ಅಜ್ಜಾರು ನಕ್ಕರು. "ಹೇಳು."

"ನಲವತ್ತು ಸೆಕೆಂಡು ಕಳಕೊಂಡೇನ್ರಿ ಅಜ್ಜಾರ."

ಒಂಬತ್ತು ವರ್ಷದ ಹಿಂದೆ ಅವನು ಮೊದಲ ಸಲ ವಿಮಾನದಿಂದ ಜಿಗಿದಿದ್ದ. ಹನ್ನೊಂದು ಸಾವಿರ ಅಡಿ. ಪ್ಯಾರಾಚೂಟ್ ಬಿಚ್ಚಿಕೊಳ್ಳುವವರೆಗೆ ನಲವತ್ತು ಸೆಕೆಂಡು. ಕಿವಿಯಲ್ಲಿ ಗಾಳಿ ಅಬ್ಬರಿಸುತ್ತಿತ್ತು, ಆದರೂ ಒಳಗೆ ಎಲ್ಲವೂ ನಿಂತುಹೋಗಿತ್ತು. ಭಯವಿರಲಿಲ್ಲ, ಏನಾದರೂ ಬೇಕು ಎನ್ನುವುದಿರಲಿಲ್ಲ. ಕೆಳಗೆ ಕೆರೆಗಳು, ಹೊಲಗಳು, ಮೇಲೆಲ್ಲ ಬೆಳಕು. ಹುಟ್ಟಿದಾಗಿನಿಂದ ಅಂಥದೊಂದು ಸುಮ್ಮನಿರುವಿಕೆ ಅವನಿಗೆ ಗೊತ್ತೇ ಇರಲಿಲ್ಲ. ನೆಲಕ್ಕಿಳಿದವನು ಹುಲ್ಲಿನ ಮೇಲೆ ಕೂತು ಅತ್ತಿದ್ದ.

ಅದು ಮತ್ತೆ ಸಿಗಲಿಲ್ಲ.

"ಮತ್ತ ಜಿಗದಿಯೇನು?"

"ಇಪ್ಪತ್ತಾರು ಸಲರಿ. ತರಬೇತಿ ತಗೊಂಡು, ಒಬ್ಬನೇ."

"ಸಿಗಲಿಲ್ಲ?"

"ಇಲ್ಲರಿ. ಎತ್ತರ ಸಾಲಲಿಲ್ಲೇನೋ ಅಂತ ಹದಿಮೂರು ಸಾವಿರ ಅಡಿಗೆ ಹೋದೆ. ಸಿಗಲಿಲ್ಲ. ನಲವತ್ತೆರಡು ಕಿಲೋಮೀಟರ್ ಓಡಿದೆ. ಕಾರವಾರದ ಸಮುದ್ರದಾಗ ನಡುಗಡ್ಡಿ ತನಕ ಈಜಿದೆ. ಮೂಗಿನಾಗ ರಕ್ತ ಬರೂ ತನಕ ಹಿಮಾಲಯ ಹತ್ತಿದೆ. ಮೆಡಲ್ ಬಂದ್ವು, ಅದು ಬರಲಿಲ್ಲ."

ಅವನ ದನಿ ಸಣ್ಣದಾಯಿತು.

"ಈಗ ಡಾಕ್ಟರು ಮೊಣಕಾಲು ನೋಡಿ ಇನ್ನ ಸಾಕು ಅಂದಾರ. ಕಾಡಿ ಬೇಡಿ ಕಡೇದು ಅಂತ ಒಂದು ಜಿಗಿತಕ್ಕ ಒಪ್ಪಿಸೇನಿ. ಬರೂ ತಿಂಗಳು ಐತಿ. ಅದರಾಗ ಸಿಗದಿದ್ದರ ಸಾಯೂ ತನಕ ಸಿಗಾಂಗಿಲ್ಲ. ಹೆಂಗ ಜಿಗೀಲಿ, ಹೇಳ್ರಿ ಅಜ್ಜಾರ."

ಅಜ್ಜಾರು ಹೊಳೆಯ ಕಡೆ ನೋಡಿದರು.

"ಮೊದಲ ಸಲಾನೂ ಒಬ್ಬನೇ ಇದ್ದೇನು?"

"ಇಲ್ಲರಿ, ಹೊಸಬರನ್ನ ಹಂಗ ಬಿಡಾಂಗಿಲ್ಲ. ಕಲಿಸೂ ಮನುಷ್ಯಾನ ಎದೀಗೆ ನಮ್ಮ ಬೆನ್ನು ಕಟ್ಟಿರತಾರ. ಪ್ಯಾರಾಚೂಟ್ ಅವನ ಬೆನ್ನಿಗಿರತೈತಿ. ಎಲ್ಲಾ ಅವನೇ ನೋಡಿಕೋತಾನ."

"ಯಾರವನು?"

"ಯಾರೋ ಒಬ್ಬಾವ ಇದ್ದನ್ರಿ. ಹೆಸರು ಗೊತ್ತಿಲ್ಲ."

ಬೇವಿನ ಮರದ ಟೊಂಗೆಗೆ ಎರಡು ದೊಡ್ಡ ಒಣಗಿದ ಸೋರೆಕಾಯಿ ತೂಗುತ್ತಿದ್ದವು. ಅಜ್ಜಾರು ಅತ್ತ ಬೆರಳು ಮಾಡಿದರು.

"ಅವನ್ನ ಇಳಿಸು."

ಆ ಸೀಮೆಯಲ್ಲಿ ಈಜು ಬಾರದವರು ನೀರಿಗೆ ಇಳಿಯುವಾಗ ಒಣಗಿದ ಸೋರೆಬುರುಡೆ ಕಟ್ಟಿಕೊಳ್ಳುತ್ತಾರೆ. ನಾಗಲಿಂಗ ಎರಡು ದಿನ ಅದೇ ಕೆಲಸದಲ್ಲಿ ಕೂತ. ತೊಟ್ಟಿನ ಹತ್ತಿರ ತೂತು ಕೊರೆದು ಬೀಜ ಉದುರಿಸಿದ, ಒಳಗಿನ ನಾರು ಕೆರೆದು ತೆಗೆದ, ಮೇಣ ಕಾಯಿಸಿದ. ಪುಂಡಿನಾರಿನ ಹಗ್ಗದಿಂದ ಎರಡಕ್ಕೂ ಬಲೆ ಹೆಣೆದ.

ಎರಡನೆಯ ದಿನ ಅವನ ಮುಖ ಅರಳಿತು.

"ತಿಳೀತ್ರಿ ಅಜ್ಜಾರ! ಬುರುಡಿ ಟೊಳ್ಳಾದರ ತೇಲತೈತಿ. ಮನುಷ್ಯಾನೂ ಒಳಗ ಖಾಲಿ ಆಗಬೇಕು. ಹೌದಲ್ಲರಿ?"

"ಮೊದಲು ತೂತು ಸರಿಯಾಗಿ ಮುಚ್ಚು" ಎಂದರು ಅಜ್ಜಾರು. "ತತ್ವ ಹೇಳಿದರ ಒಳಗ ನೀರು ಹೋಗೂದು ನಿಲ್ಲಾಂಗಿಲ್ಲ."

ನಾಗಲಿಂಗ ತೆಪ್ಪಗೆ ಮೇಣ ಮೆತ್ತಿದ.

ಆಶ್ರಮದಲ್ಲಿ ರೊಟ್ಟಿ ಬಡಿಯುವವಳು ಫಕ್ಕೀರವ್ವ. ಅರವತ್ತಾರು ವರ್ಷ, ನಾಲಿಗೆ ಬಲು ಚುರುಕು. ಆಕಾಶದಿಂದ ಜಿಗಿಯುವ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಅವಳು ಬಂದವನ ಹೆಸರು ಕೇಳುವ ಗೋಜಿಗೇ ಹೋಗಿರಲಿಲ್ಲ.

"ಏ ಮ್ಯಾಲಿಂದ ಬೀಳಾವಾ, ಊಟಕ್ಕ ಬಾ! ರೊಟ್ಟಿ ಆರತಾವ!"

ಮೂರನೆಯ ಬೆಳಿಗ್ಗೆ ಅಜ್ಜಾರು ಅವಳನ್ನು ಕೂಗಿದರು.

"ಫಕ್ಕೀರವ್ವಾ, ನಡುಹೊಳಿಗೆ ಹೋಗತೀಯೇನು?"

ಬಡಿಯುತ್ತಿದ್ದ ಕೈ ನಿಂತಿತು. ನಲವತ್ತು ವರ್ಷದಿಂದ ಅವಳು ಕೊನೆಯ ಮೆಟ್ಟಿಲಲ್ಲಿ ಕೂತು ಪಾತ್ರೆ ತಿಕ್ಕಿದ್ದಳು. ನೀರು ಮೊಣಕಾಲು ದಾಟಿದ್ದಿಲ್ಲ. ನಡುಹೊಳೆಯಲ್ಲಿ ಚಪ್ಪಟೆಯಾದ ಒಂದು ಕಲ್ಲಿತ್ತು, ಅದರ ಮೇಲೆ ಬೆಳ್ಳಕ್ಕಿ ಕೂರುತ್ತಿದ್ದವು. ಪ್ರತಿದಿನ ಅದನ್ನು ನೋಡುತ್ತಿದ್ದಳು, ಪ್ರತಿದಿನ ಪಾತ್ರೆ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು.

"ತೆಪ್ಪದಾಗ ಹೋಗಿ ಬಂದಿಯಲ್ಲ?" ಎಂದು ಅಜ್ಜಾರು ಕೆಣಕಿದರು.

"ತೆಪ್ಪದಾಗ ಹೋದರ ನೀರಿನ ಮ್ಯಾಲ ಹೋದಂಗಾತು" ಎಂದಳು ಫಕ್ಕೀರವ್ವ. "ನಾ ನೀರಾಗ ಹೋಗಬೇಕ್ರಿ. ಅದು ನನ್ನ ಹೆಂಗ ಹಿಡೀತೈತಿ ಅಂತ ಒಮ್ಮಿ ನೋಡಬೇಕು."

ಅಜ್ಜಾರು ನಾಗಲಿಂಗನ ಕಡೆ ತಿರುಗಿದರು.

"ಆ ಕಲ್ಲಿನ ತನಕ ಕರಕೊಂಡು ಹೋಗು. ನಿನ್ನ ತಾಯಿ ಇದ್ದಂಗ. ನಿನ್ನ ಆ ನಲವತ್ತು ಸೆಕೆಂಡು ಆಕೀಗೆ ಸಿಗತೈತೇನು ನೋಡು."

ಎರಡು ಬುರುಡೆಯನ್ನೂ ಅವಳ ಎರಡು ಕಂಕುಳಿಗೆ ಕಟ್ಟಿದ್ದಾಯಿತು. ಅಜ್ಜಾರ ಕಾವಿ ಶಾಲಿನಿಂದ ಅವಳ ಸೊಂಟವನ್ನು ಅವನ ಸೊಂಟಕ್ಕೆ ಬಿಗಿದದ್ದಾಯಿತು. ಅವಳು ನೀರಿನಲ್ಲಿ ಅಂಗಾತ ಮಲಗಿದಳು. ತಲೆ ಅವನ ಎಡ ಭುಜದ ಮೇಲೆ. ಅವನು ಎಡಗೈಯಿಂದ ಅವಳನ್ನು ಹಿಡಿದು, ಮಗ್ಗುಲಾಗಿ, ಬಲಗೈಯಲ್ಲಿ ನೀರು ಸೀಳುತ್ತ ಹೊರಟ. ಹೊರಡುವ ಮೊದಲು ರೂಢಿಯಂತೆ ಗಡಿಯಾರ ನೋಡಿಕೊಂಡ.

ಹತ್ತು ಬಾರಿ ಕೈ ಬೀಸಿರಲಿಕ್ಕಿಲ್ಲ.

"ಏನನಸತೈತಿ ಅವ್ವಾ?"

"ಥಂಡಿ."

"ಆಕಾಶ ನೋಡ್ರಿ, ಆಕಾಶ."

"ನೋಡಾಕತ್ತೇನಿ."

"ಈಗ? ಒಳಗ ಏನಾರ ಆತೇನು?"

"ಏನಾಗಬೇಕು?"

"ಸುಮ್ಮನ ಆದಂಗ... ಇನ್ನ ಇಲ್ಲೇನು? ಈಗ?"

ಫಕ್ಕೀರವ್ವ ಗಾಬರಿಯಾದಳು. "ಯಾಕ ಒಂದೇ ಸವನ ಕೇಳತೀ? ಏನಾರ ಆಗೂದೈತೇನು ನನಗ?"

ಕೈಕಾಲು ಬಡಿದಳು, ಎರಡು ಗುಟುಕು ನೀರು ಕುಡಿದಳು. ನಾಗಲಿಂಗ ಅವಳನ್ನು ಎಳೆದುಕೊಂಡು ಹಿಂದಕ್ಕೆ ಬರಬೇಕಾಯಿತು.

"ದವಾಖಾನ್ಯಾಗ ಕೇಳಿದಂಗ ಕೇಳತಾನ್ರಿ ಅಜ್ಜಾರ!" ಎಂದು ಮೆಟ್ಟಿಲ ಮೇಲೆ ಕೆಮ್ಮುತ್ತ ಬೈದಳು. "ಆ ಆಕಾಶನೂ ಇವನ ಬಾಯಿಗೆ ಬ್ಯಾಸತ್ತು ಕೆಳಗ ದಬ್ಬಿರಬೇಕು!"

ಅವಳು ಒಳಗೆ ಹೋದ ಮೇಲೆ ನಾಗಲಿಂಗ ತಲೆ ತಗ್ಗಿಸಿ ನಿಂತ.

"ಆವತ್ತು ನಿನ್ನ ಬೆನ್ನಿಗಿದ್ದಾವ ಎಷ್ಟು ಮಾತಾಡಿದ?" ಎಂದು ಅಜ್ಜಾರು ಕೇಳಿದರು.

ನಾಗಲಿಂಗ ನೆನಪು ಮಾಡಿಕೊಂಡ.

"ಎರಡು ಮಾತುರಿ. ಜಿಗಿಯೂ ಮುಂದ 'ಕಾಲು ಹಿಂದಕ್ಕ ಮಡಚು' ಅಂದ. ಇಳಿಯೂ ಮುಂದ 'ಕಾಲು ಎತ್ತು' ಅಂದ."

"ನಡುವ?"

"ಏನೂ ಇಲ್ಲರಿ. ಅವನ ಕೈಗೆ ಎತ್ತರ ತೋರಿಸೂ ಗಡಿಯಾರ ಇತ್ತು. ಅದನ್ನ ನೋಡತಿದ್ದ. ಆವತ್ತು ತೆಗೆದ ವಿಡಿಯೋದಾಗ ಕಾಣತೈತಿ."

"ಪೂರಾ ಅದನ್ನ?"

"ಅದನ್ನ, ಇಲ್ಲಾಂದ್ರ ಇಳಿಯೂ ಬಯಲನ್ನ."

"ಆಕಾಶ?"

ಆ ವಿಡಿಯೋವನ್ನು ನಾಗಲಿಂಗ ನೂರು ಸಲ ನೋಡಿದ್ದ. ನೂರು ಸಲವೂ ತನ್ನ ಮುಖವನ್ನೇ ನೋಡಿಕೊಂಡಿದ್ದ.

ಮರುದಿನ ಅವನೇ ಅಡುಗೆಕೋಣೆಯ ಬಾಗಿಲಿಗೆ ಹೋಗಿ ನಿಂತ.

"ಅವ್ವಾ, ಇನ್ನೊಮ್ಮಿ ಬರತೀರೇನು?"

"ಬಾಯಿ ಮುಚ್ಚಿಕೊಂಡಿದ್ದರ ಬರತೇನಿ."

ಈ ಸಲ ನಾಗಲಿಂಗ ಗಂಟುಗಳನ್ನು ಮೂರು ಸಲ ಎಳೆದು ನೋಡಿದ. "ಕಾಲು ಸಡಿಲ ಬಿಡ್ರಿ ಅವ್ವಾ" ಎಂದ. ಅದರ ಮೇಲೆ ಮಾತಿಲ್ಲ.

ಹೊಳೆ ಕಲ್ಲಿನ ಎಡಕ್ಕೆ ತಿರುಗುತ್ತಿತ್ತು, ಅಲ್ಲಿ ಸೆಳವು ಜೋರು. ಅವನ ಕಣ್ಣು ಅಲ್ಲಿತ್ತು. ಆಮೇಲೆ ಎಡಗಡೆಯ ಬುರುಡೆಯ ಮೇಣದ ಮೇಲೆ, ಶಾಲಿನ ಗಂಟಿನ ಮೇಲೆ, ನೀರಿಗೂ ಅವಳ ಗದ್ದಕ್ಕೂ ನಡುವೆ ಉಳಿದ ನಾಲ್ಕು ಬೆರಳಿನ ಮೇಲೆ. ಮತ್ತೆ ಸೆಳವಿನ ಮೇಲೆ. ಮೊಣಕಾಲು ನೋಯುತ್ತಿತ್ತು, ಅದನ್ನು ಗಮನಿಸಲು ಪುರುಸೊತ್ತಿರಲಿಲ್ಲ.

ಫಕ್ಕೀರವ್ವ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ನಡುಹೊಳೆಗೆ ಬರುವಾಗ ಆ ಹಿಡಿತ ಸಡಿಲವಾಯಿತು. ಮೊದಲು ಕಿರುಬೆರಳು, ಆಮೇಲೆ ಉಳಿದವು. ಕೈ ತಾನಾಗಿ ನೀರಿನ ಮೇಲೆ ಹರಡಿಕೊಂಡಿತು. ಉಸಿರು ಉದ್ದವಾಯಿತು.

ನಾಗಲಿಂಗನಿಗೆ ಗೊತ್ತಾಯಿತು. ಒಂಬತ್ತು ವರ್ಷ ಹುಡುಕಿದ್ದು ಗೇಣುದ್ದದಲ್ಲಿ, ತನ್ನ ಭುಜದ ಮೇಲೆಯೇ ಇತ್ತು. ಆದರೆ ಇನ್ನೊಬ್ಬರ ಎದೆಯೊಳಗೆ. ನನಗೂ ಬೇಕು, ಒಂದೇ ಒಂದು ಸಲ ಬೇಕು ಎಂದು ಜೀವ ಹಾತೊರೆಯಿತು. ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಸೆಳವು ಹತ್ತಿರವಾಗಿತ್ತು, ಅವನು ಅತ್ತ ನೋಡಿದ.

ಇಬ್ಬರೂ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತರು. ಏನನಿಸಿತೆಂದು ಅವನು ಕೇಳಲಿಲ್ಲ. ಬಂದ ಹಾಗೆಯೇ ತಿರುಗಿ ಬಂದರು.

ಕೊನೆಯ ಮೆಟ್ಟಿಲಲ್ಲಿ ಕೂತು ಅವಳು ಸೆರಗು ಹಿಂಡಿದಳು. ಹೊಳೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಕಡೆ ತಿರುಗಿದಳು.

"ತಮ್ಮಾ, ನಿನ್ನ ಹೆಸರೇನು?"

"ನಾಗಲಿಂಗರಿ ಅವ್ವಾ."

"ನಾಗಲಿಂಗ" ಎಂದು ಒಮ್ಮೆ ಅಂದುಕೊಂಡಳು. "ಸಂಜೀಗೆ ದೀಪಾ ಹಚ್ಚೂ ಮುಂದ ನೆನಸಾಕ ಹೆಸರು ಬೇಕಲ್ಲ."

ಮೊಣಕಾಲಿಗೆ ಕೈಕೊಟ್ಟು ಎದ್ದು, ರೊಟ್ಟಿಗೆ ಹೊತ್ತಾಯಿತೆಂದು ಹೊರಟುಹೋದಳು.

ನಾಗಲಿಂಗ ಒದ್ದೆ ಮೈಯಲ್ಲೇ ಅಲ್ಲಿ ಕೂತ. ಅಜ್ಜಾರು ಒಂದೊಂದೇ ಮೆಟ್ಟಿಲು ಇಳಿದು ಬಂದು ಪಕ್ಕದಲ್ಲಿ ಕೂತರು.

"ಸಿಕ್ಕಿತೇನು?"

"ಆಕೀಗೆ ಸಿಕ್ಕಿತ್ರಿ."

"ನಿನಗ?"

"ನನಗ ಸೆಳವು ಕಂಡಿತು, ಕಲ್ಲು ಕಂಡಿತು, ಗಂಟು ಕಂಡಿತು."

"ಎಷ್ಟು ನಿಮಿಷ ಆತು?"

ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ತನ್ನ ಗಡಿಯಾರ ನೋಡಿದ, ಅಜ್ಜಾರನ್ನು ನೋಡಿದ.

"ನೋಡಲಿಲ್ಲರಿ."

ಕಲ್ಲಿನ ಮೇಲೆ ಬೆಳ್ಳಕ್ಕಿ ಮತ್ತೆ ಬಂದು ಕೂತವು.

"ಅಜ್ಜಾರ" ಎಂದ ನಾಗಲಿಂಗ. "ಒಂಬತ್ತು ವರ್ಷ ಆತು. ಆವತ್ತು ನನ್ನ ಬೆನ್ನಿಗಿದ್ದಾವನ ಹೆಸರು ನಾ ಕೇಳಲೇ ಇಲ್ಲ. ನಾಳೆ ಮುಂಜಾನೆ ಬಸ್ಸಿಗೆ ಹೋಗತೇನ್ರಿ. ಎಲ್ಲಿದ್ದಾನೋ, ಹುಡುಕಬೇಕು."

"ಮತ್ತ ನಿನ್ನ ಆ ಕಡೇ ಜಿಗಿತ?"

ಅದರ ನೆನಪೇ ಬೆಳಗಿನಿಂದ ಬಂದಿರಲಿಲ್ಲ ಎಂಬುದು ನಾಗಲಿಂಗನಿಗೆ ಆಗ ಹೊಳೆಯಿತು.

"ಅದು ಬರೂ ತಿಂಗಳು ಐತ್ರಿ. ಮೊದಲು ಅವನು."

"ಹುಡುಕಿ ಏನು ಮಾಡತೀ?"

"ಹೆಸರು ಕೇಳತೇನಿ."

"ಆಮ್ಯಾಲ?"

ನಾಗಲಿಂಗ ಒದ್ದೆ ಶಾಲು ಹಿಂಡತೊಡಗಿದ.

ಅಜ್ಜಾರು ಬುರುಡೆಗಳ ಹಗ್ಗ ಬಿಚ್ಚಿದರು. ಎರಡನ್ನೂ ಪಂಚೆಯ ಅಂಚಿನಿಂದ ಒರೆಸಿ, ನೆರಳಿರುವ ಮೆಟ್ಟಿಲ ಮೇಲೆ ಒಣಗಲು ಇಟ್ಟರು.

"ಈಜು ಬರತೈತೇನು ಅಂತ ಕೇಳು" ಎಂದರು. "ಬರಾಂಗಿಲ್ಲ ಅಂದರ, ಇಲ್ಲಿಗೆ ಕರಕೊಂಡು ಬಾ."