ಮೊದಲ ದಿನದ ಚೀಟಿ

"ಗುರುಗಳೇ, ರಕ್ತಪರೀಕ್ಷೆಯಲ್ಲಿ ದಡಾರ ಇಲ್ಲ ಎಂದು ಬಂದರೆ ಇಲ್ಲ ಎಂದೇ ಅಲ್ಲವೇ?"

ಕೇಳಿದವಳು ಸುಗುಣ. ದಾದಿಯ ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ನಿನ್ನೆ ಬೆಳಿಗ್ಗೆ ಒಂದು ಮಗುವಿನ ಮೈಮೇಲೆ ಕೆಂಪು ದದ್ದು ಎದ್ದ ಸುದ್ದಿ ಬಂದದ್ದೇ ತಡ, ಓಡಿಹೋಗಿ ರಕ್ತ ತೆಗೆದಿದ್ದಳು. ಇವತ್ತು ಬೆಳಿಗ್ಗೆ ಚೀಟಿ ಬಂತು: ದಡಾರ ಇಲ್ಲ. ಮಗುವನ್ನು ಅಂಗನವಾಡಿಗೆ ಕಳಿಸಿ ಎಂದು ತಾಯಿಗೆ ಹೇಳಿ, ನೇರವಾಗಿ ತನಗೆ ವಿದ್ಯೆ ಕಲಿಸಿದ ಹಿರಿಯ ವೈದ್ಯರ ಬಳಿ ಬಂದು ಇದನ್ನೆಲ್ಲ ಹೇಳಿದ್ದಳು. ಹೊಗಳುತ್ತಾರೆಂಬ ಆಸೆಯೂ ಇತ್ತು, ಇರಲಿಲ್ಲ ಎನ್ನುವುದೇಕೆ?

ಗುರುಗಳು ಹೊಗಳಲಿಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ದಾದಿ ಇದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳು. ಒಂದು ಮನೆಯ ಮಗುವಿಗೆ ಜ್ವರ ಬಂದು ದದ್ದು ಎದ್ದಿತು. ಅಮ್ಮ ಬಂದಳೆಂದು ತಾಯಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಸೊಪ್ಪು ಕಂಡ ಮನೆಗೆ ಆ ಊರಿನಲ್ಲಿ ಯಾರೂ ಕಾಲಿಡುತ್ತಿರಲಿಲ್ಲ. ದಾದಿ ಅದೇ ದಿನ ರಕ್ತ ತೆಗೆದು ಕಳಿಸಿದಳು. ಮರುದಿನ ಇಲ್ಲ ಎಂದು ಚೀಟಿ ಬಂತು.

"ಅಮ್ಮನೂ ಇಲ್ಲ, ಗಿಮ್ಮನೂ ಇಲ್ಲ. ಆ ಸೊಪ್ಪು ಕಿತ್ತು ಬಿಸಾಕಮ್ಮ" ಎಂದು ದಾದಿ ನಕ್ಕಳು.

ತಾಯಿ ಹಿಂದೆಮುಂದೆ ನೋಡಿದಳು. "ನೀವು ಓದಿದೋರು. ನಿಮ್ ಮಾತು ಮೀರಕ್ಕಾಯ್ತದಾ?" ಎಂದು ಸೊಪ್ಪು ಕಿತ್ತಳು.

ಬಾಗಿಲು ಬರಿದಾದದ್ದು ಕಂಡು ಆ ಮಧ್ಯಾಹ್ನವೇ ಪಕ್ಕದ ಮನೆಯವಳು ತನ್ನ ಏಳು ತಿಂಗಳ ಕೂಸನ್ನು ಎತ್ತಿಕೊಂಡು ಹರಟೆಗೆ ಬಂದಳು. ದಡಾರದ ಲಸಿಕೆ ಹಾಕಿಸಲು ಆ ಕೂಸಿಗೆ ಇನ್ನೂ ಎರಡು ತಿಂಗಳು ತುಂಬಬೇಕಿತ್ತು. ಹತ್ತು ದಿನಕ್ಕೆ ಕೂಸಿಗೆ ಜ್ವರ ಬಂತು. ಆಮೇಲೆ ದದ್ದು. ಆಮೇಲೆ ಏದುಸಿರು. ಕೂಸು ಉಳಿಯಲಿಲ್ಲ.

ದಾದಿ ಪ್ರಯೋಗಾಲಯಕ್ಕೆ ಹೋಗಿ ಚೀಟಿ ಬರೆದವನ ಮೇಲೆ ಹರಿಹಾಯ್ದಳು. ಅವನು ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ದದ್ದು ಎದ್ದು ನಾಲ್ಕು ದಿನ ಕಳೆದ ಮೇಲೆ ಮತ್ತೊಮ್ಮೆ ರಕ್ತ ಕಳಿಸಿ ಎಂದು ಅಲ್ಲಿ ಬರೆದಿತ್ತು.

"ರೋಗದ ಗುರುತು ರಕ್ತದಲ್ಲಿ ಕಾಣಿಸ್ಕೊಳ್ಳೋಕೆ ದಿನ ಹಿಡಿಯುತ್ತಮ್ಮ. ನೀವು ಮೊದಲ್ನೇ ದಿನವೇ ಕೇಳಿದ್ರಿ. ನಾನು ಕಂಡದ್ದನ್ನ ಬರೆದೆ" ಎಂದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಇಲ್ಲ ಎಂಬ ಮಾತು ಕಂಡೊಡನೆ ಮಡಚಿ ಜೇಬಿಗಿಟ್ಟಿದ್ದ ಚೀಟಿಯನ್ನು ಸುಗುಣ ತೆಗೆದಳು. ಪೂರ್ತಿ ಬಿಚ್ಚಿ ನೋಡಿದಳು. ಕೆಳಗೆ ಅದೇ ಸಾಲು ಇತ್ತು.

ಗುರುಗಳು ಮೆಲ್ಲಗೆ ಕೇಳಿದರು: "ಅಂಗನವಾಡಿಯಲ್ಲಿ ಈಗ ಆ ಮಗುವಿನ ಪಕ್ಕದಲ್ಲಿ ಯಾರು ಕೂತಿದ್ದಾರೆ?"

ಸುಗುಣ ಚೀಟಿ ಹಿಡಿದುಕೊಂಡೇ ಅಂಗನವಾಡಿಯ ಕಡೆಗೆ ಓಡಿದಳು.